ಎದೆಯೊಳಗೆ ಕಟ್ಟುವ ಸುಣ್ಣ: ಒಂದು ಹಳೇ ಕಾಯಿಲೆಯ ಚರಿತ್ರೆ

ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳ ನೋಡಿದವರಿಗೆ ಸುಣ್ಣ ಕಟ್ಟುವುದು ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಹನಕೆರೆ, ಮದ್ದೂರು, ಮಳವಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಹಂಡೆ, ಪೈಪು, ನಲ್ಲಿಯ ಬಾಯಿ ಎಲ್ಲದರಲ್ಲೂ ಆ ಬಿಳಿ ಪದರ ಇರುತ್ತದೆ.

ಈಚೆಗೆ ಇನ್ನೊಂದು ಸುಣ್ಣದ ಮಾತು ಹಳ್ಳಿಗಳಿಗೆ ಬಂದಿದೆ. ಮೈಸೂರಿಗೋ ಬೆಂಗಳೂರಿಗೋ ಹೋಗಿ ಎದೆ ತೋರಿಸಿಕೊಂಡು ಬಂದವರು ಸ್ಕ್ಯಾನ್ ರಿಪೋರ್ಟ್ ಹಿಡಿದುಕೊಂಡು, 'ಹಾರ್ಟಿನ ನರದಲ್ಲಿ ಕ್ಯಾಲ್ಸಿಯಂ ಕೂತದೆಯಂತೆ' ಅನ್ನುತ್ತಾರೆ. ಕೇಳಿದವರ ಪ್ರಶ್ನೆಗಳು ಶುರುವಾಗುತ್ತವೆ. ರಾಗಿಮುದ್ದೆ ತಿಂದಿದ್ದಕ್ಕಾ? ಹಾಲು ಕುಡಿದಿದ್ದಕ್ಕಾ? ಎಲೆ ಅಡಿಕೆ ಜೊತೆ ಸುಣ್ಣ ಹಾಕಿಕೊಂಡಿದ್ದಕ್ಕಾ? ಇದು ಕೊರೋನಾ ಆದಮೇಲೆ ಬಂದ ಹೊಸ ಕಾಯಿಲೆಯಾ? ಸುಣ್ಣ ಕಟ್ಟಿದೆ ಅಂದರೆ ಹಾರ್ಟ್ ಅಟ್ಯಾಕ್ ಗ್ಯಾರಂಟಿಯಾ?

ಈ ಪ್ರಶ್ನೆಗಳಿಗೆ ಉತ್ತರ ಈ ಕಾಯಿಲೆಯ ಚರಿತ್ರೆಯಲ್ಲೇ ಇದೆ. ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಮ್ಮ ಪಕ್ಕದ ಮೈಸೂರಿನಲ್ಲೇ ನಡೆದಿದೆ.

ಹೊಸ ಕಾಯಿಲೆ ಅಲ್ಲವೇ ಅಲ್ಲ

ಹೃದಯ ಇಡೀ ದೇಹಕ್ಕೆ ರಕ್ತ ಪಂಪು ಮಾಡುತ್ತದೆ. ಆದರೆ ಆ ಪಂಪಿಗೂ ರಕ್ತ ಬೇಕಲ್ಲ? ಅದನ್ನು ಕೊಡುವುದು ಹೃದಯದ ಮೈಮೇಲೆ ಹರಡಿರುವ ಕರೋನರಿ ರಕ್ತನಾಳಗಳು. ನಾವು ಮಾತಾಡುತ್ತಿರುವ ಸುಣ್ಣ ಕಟ್ಟುವುದು ಈ ನಾಳಗಳ ಗೋಡೆಯೊಳಗೆ.

1991ರಲ್ಲಿ ಯುರೋಪಿನ ಆಲ್ಪ್ಸ್ ಬೆಟ್ಟದ ಹಿಮದಲ್ಲಿ ಒಬ್ಬ ಮನುಷ್ಯನ ಶವ ಸಿಕ್ಕಿತು. ಸುಮಾರು 5,300 ವರ್ಷ ಹಳೆಯದು. ಅವನಿಗೆ 'ಓಟ್ಜಿ' ಅಂತ ಹೆಸರಿಟ್ಟರು. ಬೆಟ್ಟ ಹತ್ತಿ ಇಳಿದು ಬದುಕಿದ ಆ ಮನುಷ್ಯನ ಮೈಯನ್ನು ಸಿ.ಟಿ. ಸ್ಕ್ಯಾನ್ ಮಾಡಿದಾಗ ರಕ್ತನಾಳಗಳಲ್ಲಿ ಸುಣ್ಣ ಕಟ್ಟಿದ್ದು ಕಾಣಿಸಿತು.

ಈಜಿಪ್ಟಿನ ಮಮ್ಮಿಗಳ ಕಥೆಯೂ ಇದೇ. 1911ರಲ್ಲೇ ಮಾರ್ಕ್ ಆರ್ಮಂಡ್ ರಫರ್ ಎಂಬ ವೈದ್ಯರು ಮಮ್ಮಿಗಳ ರಕ್ತನಾಳಗಳನ್ನು ನೆನೆಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಸುಣ್ಣದ ಗಂಟುಗಳ ಬಗ್ಗೆ ಬರೆದಿದ್ದರು. ನೂರು ವರ್ಷದ ನಂತರ, 2013ರಲ್ಲಿ, 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ದೊಡ್ಡ ವರದಿ ಬಂತು. ಈಜಿಪ್ಟ್, ಪೆರು, ಅಮೆರಿಕದ ನೈಋತ್ಯ ಭಾಗ, ಉತ್ತರದ ಅಲ್ಯೂಷಿಯನ್ ದ್ವೀಪಗಳು, ಹೀಗೆ ನಾಲ್ಕು ಕಡೆಯ 137 ಮಮ್ಮಿಗಳನ್ನು ಸ್ಕ್ಯಾನ್ ಮಾಡಿದ್ದರು. 47 ದೇಹಗಳಲ್ಲಿ, ಅಂದರೆ ಮೂರರಲ್ಲಿ ಒಂದರಲ್ಲಿ, ರಕ್ತನಾಳ ಗಟ್ಟಿಯಾದ ಗುರುತು ಇತ್ತು. ಅವರಲ್ಲಿ ಬೇಸಾಯ ಮಾಡಿದವರೂ ಇದ್ದರು, ಬೇಟೆಯಾಡಿ ತಿಂದವರೂ ಇದ್ದರು. ಬೇಕರಿ ತಿಂಡಿಯಾಗಲಿ ಸಿಗರೇಟಾಗಲಿ ಅವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ.

ವಯಸ್ಸಾದಂತೆ ರಕ್ತನಾಳ ಸವೆಯುವುದು ಮನುಷ್ಯನ ಜೊತೆಗೇ ಬಂದದ್ದು. ನಮ್ಮ ಕಾಲದಲ್ಲಿ ಬದಲಾಗಿರುವುದು ಅದು ಎಷ್ಟು ಬೇಗ ಬರುತ್ತಿದೆ, ಎಷ್ಟು ಜನರನ್ನು ದುಡಿಯುವ ವಯಸ್ಸಿನಲ್ಲೇ ಕರೆದುಕೊಂಡು ಹೋಗುತ್ತಿದೆ ಎಂಬುದು.

ತಲೆ ಎತ್ತಿ ಸೂರು ನೋಡಿದ ಡಾಕ್ಟರು

ನಡೆದಾಗ ಎದೆ ಹಿಂಡಿದಂತಾಗಿ, ನಿಂತರೆ ಕಡಿಮೆಯಾಗುವ ನೋವಿಗೆ 'ಆಂಜೈನಾ' ಎನ್ನುತ್ತಾರೆ. ಇದನ್ನು ಸ್ಪಷ್ಟವಾಗಿ ವಿವರಿಸಿದವರು ಇಂಗ್ಲೆಂಡಿನ ವಿಲಿಯಂ ಹೆಬರ್ಡನ್, 1768ರಲ್ಲಿ. ಆದರೆ ನೋವು ಯಾಕೆ ಬರುತ್ತದೆ ಎಂದು ಅವರಿಗೂ ತಿಳಿದಿರಲಿಲ್ಲ.

ಕೆಲವು ವರ್ಷಗಳ ನಂತರ ಇನ್ನೊಬ್ಬ ಇಂಗ್ಲಿಷ್ ವೈದ್ಯರು ಎದೆನೋವಿನಿಂದ ಸತ್ತ ರೋಗಿಯ ಹೃದಯವನ್ನು ಕೊಯ್ದು ನೋಡುತ್ತಿದ್ದರು. ಚಾಕು ಗಟ್ಟಿಯಾದ ಯಾವುದಕ್ಕೋ ತಾಗಿ ಕರ್ರೆಂದಿತು. ಹಳೇ ಕಟ್ಟಡ. ಸೂರಿನಿಂದ ಗಾರೆ ಉದುರಿ ಬಿತ್ತೇನೋ ಎಂದು ಅವರು ತಲೆ ಎತ್ತಿ ನೋಡಿದರು. ಗಾರೆ ಬಿದ್ದಿರಲಿಲ್ಲ. ಹೃದಯದ ರಕ್ತನಾಳವೇ ಮೂಳೆಯ ಕೊಳವೆಯಂತಾಗಿತ್ತು.

ಆ ವೈದ್ಯರ ಹೆಸರು ಎಡ್ವರ್ಡ್ ಜೆನ್ನರ್. ಹೌದು, ಸಿಡುಬಿಗೆ ದನದ ಸಿಡುಬಿನಿಂದ ಲಸಿಕೆ ತಂದ ಅದೇ ಜೆನ್ನರ್. ಮೈಸೂರಿಗೂ ಅವರ ಲಸಿಕೆಗೂ ನಂಟಿದೆ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಮೂವರು ರಾಜಮನೆತನದ ಹೆಂಗಸರ ಚಿತ್ರ ಬರೆದರು. ಅವರಲ್ಲಿ ಒಬ್ಬರು ಸೆರಗು ಸರಿಸಿ ಲಸಿಕೆ ಹಾಕಿಸಿಕೊಂಡ ತೋಳು ತೋರಿಸುತ್ತಿದ್ದಾರೆ. ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಅರಮನೆಯ ಹೆಂಗಸರೇ ಹಾಕಿಸಿಕೊಂಡರೆ ಜನರ ಭಯ ಹೋಗುತ್ತದೆ ಎಂಬ ಲೆಕ್ಕ ಅದರ ಹಿಂದಿತ್ತು ಎನ್ನುತ್ತಾರೆ.

ಎದೆಯ ವಿಷಯದಲ್ಲಿ ಮಾತ್ರ ಜೆನ್ನರ್ ಬಾಯಿ ಬಿಡಲಿಲ್ಲ. ಅವರ ಗುರು ಜಾನ್ ಹಂಟರ್ ಅವರಿಗೇ ಅದೇ ಎದೆನೋವು ಇತ್ತು. ಕಾರಣ ಬರೆದು ಪ್ರಕಟಿಸಿದರೆ ಗುರುವಿಗೆ ತನ್ನ ಸಾವಿನ ಸುದ್ದಿಯನ್ನೇ ಕೊಟ್ಟಂತೆ ಎಂದು ಸುಮ್ಮನಾದರು. ಸಿಟ್ಟು ಬಂದಾಗಲೆಲ್ಲ ಹಂಟರ್ ಅವರಿಗೆ ನೋವು ಬರುತ್ತಿತ್ತು. 1793ರ ಅಕ್ಟೋಬರ್ 16ರಂದು ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯಲ್ಲಿ ಮಾತಿಗೆ ಮಾತು ಬೆಳೆದು, ಹೊರಗೆ ಬಂದವರು ಕುಸಿದು ಸತ್ತರು. ಶವ ಕೊಯ್ದಾಗ ಅವರ ಕರೋನರಿ ನಾಳಗಳೂ ಮೂಳೆಯಂತೆ ಗಟ್ಟಿಯಾಗಿದ್ದವು. ಜೆನ್ನರ್ ಅವರ ಸ್ನೇಹಿತ ಕೇಲೆಬ್ ಪ್ಯಾರಿ 1799ರಲ್ಲಿ ಪುಸ್ತಕ ಬರೆದಾಗ ಈ ಸಂಗತಿ ಹೊರಗೆ ಬಂತು.

ಸುಣ್ಣ ಎಲ್ಲಿಂದ ಬರುತ್ತದೆ

ಇಲ್ಲಿ ಹಂಡೆಯ ಹೋಲಿಕೆಯನ್ನು ಬಿಡಬೇಕು. ಹಂಡೆಯ ಸುಣ್ಣ ನೀರಿನಿಂದ ಬಂದು ಒಳಮೈಗೆ ಅಂಟುತ್ತದೆ. ರಕ್ತನಾಳದ ಸುಣ್ಣ ಹಾಗೆ ರಕ್ತದಿಂದ ಇಳಿದು ಕೂರುವುದಿಲ್ಲ.

ಬೀಡಿ ಹೊಗೆ, ಏರಿದ ಬಿ.ಪಿ., ಸಕ್ಕರೆ ಕಾಯಿಲೆ, ಹೆಚ್ಚಿದ ಕೆಟ್ಟ ಕೊಲೆಸ್ಟ್ರಾಲ್, ಇವು ನಾಳದ ಒಳಪದರಕ್ಕೆ ಸಣ್ಣ ಸಣ್ಣ ಗಾಯ ಮಾಡುತ್ತವೆ. ಗಾಯದ ಜಾಗದಲ್ಲಿ ಕೊಬ್ಬು ಗೋಡೆಯೊಳಗೆ ಸೇರುತ್ತದೆ. ಅದನ್ನು ತೆಗೆಯಲು ಬಂದ ರಕ್ತಕಣಗಳು ಅಲ್ಲೇ ಸತ್ತು, ಕೀವುಗುಳ್ಳೆಯಂಥ ಗಂಟಾಗುತ್ತದೆ. ದೇಹ ಆ ಗಂಟನ್ನು ವರ್ಷಗಟ್ಟಲೆ ಮಾಯಿಸಲು ನೋಡುತ್ತದೆ. ಹಾಗೆ ಮಾಯಿಸುವಾಗ ಮೂಳೆ ಕಟ್ಟುವ ರೀತಿಯಲ್ಲೇ ಅಲ್ಲಿ ಕ್ಯಾಲ್ಸಿಯಂ ಸೇರುತ್ತದೆ. ಇದು ಗೋಡೆಯ ಉರಿಯೂತದಿಂದ ಆಗುವ ಕೆಲಸ ಎಂದು ಜರ್ಮನಿಯ ರುಡಾಲ್ಫ್ ವಿರ್ಕೋ 1850ರ ದಶಕದಲ್ಲೇ ಹೇಳಿದ್ದರು.

ಆದ್ದರಿಂದ ರಾಗಿಮುದ್ದೆಯ ಮೇಲೆ ತಪ್ಪು ಹೊರಿಸಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಿಜ. ಅದು ಮೂಳೆಗೆ ಬೇಕಾದದ್ದು. ಊಟದ ರಾಗಿ, ಹಾಲಿನಿಂದ ಹೃದಯದ ನಾಳದಲ್ಲಿ ಸುಣ್ಣ ಕಟ್ಟುವುದಿಲ್ಲ. ಕ್ಯಾಲ್ಸಿಯಂ ಮಾತ್ರೆ ಮಾತ್ರ ಡಾಕ್ಟರ್ ಹೇಳಿದಷ್ಟೇ ತಗೊಳ್ಳಿ. ಎಲೆ ಅಡಿಕೆ ಜೊತೆಗಿನ ಸುಣ್ಣಕ್ಕಿಂತ ಅದರ ಜೊತೆ ಸೇರುವ ಹೊಗೆಸೊಪ್ಪೇ ಎದೆಗೆ ಶತ್ರು.

ಇನ್ನು ಎರಡನೇ ಪ್ರಶ್ನೆ. ಸುಣ್ಣವೇ ನಾಳವನ್ನು ಮುಚ್ಚಿ ಅಟ್ಯಾಕ್ ಮಾಡುತ್ತದೆಯೇ? ಬಹಳ ಸಲ ಇಲ್ಲ. 1912ರಲ್ಲಿ ಅಮೆರಿಕದ ಶಿಕಾಗೋದ ಜೇಮ್ಸ್ ಹೆರಿಕ್, ಕರೋನರಿ ನಾಳದಲ್ಲಿ ರಕ್ತ ದಿಢೀರನೆ ಹೆಪ್ಪುಗಟ್ಟುವುದರಿಂದ ಹೃದಯಾಘಾತ ಆಗುತ್ತದೆ, ಆದರೂ ಮನುಷ್ಯ ಬದುಕಬಹುದು ಎಂದು ಬರೆದರು. ಗೋಡೆಯ ಗಂಟು ಒಡೆದಾಗ ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಒಡೆಯುವುದು ಹೆಚ್ಚಾಗಿ ಇನ್ನೂ ಮೆತ್ತಗಿರುವ, ತೆಳು ಪದರದ ಗಂಟು.

ವಿ.ಸಿ. ನಾಲೆಯ ಏರಿ ನೆನೆಸಿಕೊಳ್ಳಿ. ಕಲ್ಲು ಕಟ್ಟಿ ದುರಸ್ತಿ ಮಾಡಿದ ಜಾಗ ಸುಲಭವಾಗಿ ಒಡೆಯುವುದಿಲ್ಲ. ಒಡೆಯುವುದು ಹಸಿ ಮಣ್ಣಿನ ಜಾಗ. ಆದರೆ ಒಂದು ಏರಿಯಲ್ಲಿ ಹತ್ತು ಕಡೆ ಕಲ್ಲು ತೇಪೆ ಕಂಡರೆ ಗೊತ್ತಾಗುತ್ತದೆ, ಈ ಏರಿ ಹತ್ತು ಸಲ ಬಿರುಕು ಬಿಟ್ಟಿದೆ, ಇನ್ನೂ ಹಸಿ ಜಾಗಗಳು ಇರಬಹುದು ಅಂತ. ಹೃದಯದ ಸುಣ್ಣ ಆ ಕಲ್ಲಿನ ತೇಪೆಯ ಹಾಗೆ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ತಿನ್ನುವವರಲ್ಲಿ ಹೃದಯಾಘಾತ ಕಡಿಮೆಯಾಗುತ್ತದೆ, ಆದರೆ ಸುಣ್ಣ ಸ್ವಲ್ಪ ಹೆಚ್ಚಾಗುವುದೂ ಉಂಟು. ಮೆತ್ತಗಿನ ಗಂಟು ಗಟ್ಟಿಯಾಗುವುದೇ ಅದಕ್ಕೆ ಕಾರಣ.

ಸುಣ್ಣಕ್ಕೆ ನಂಬರು ಬಂದ ಬಗೆ

ಸತ್ತಮೇಲೆ ಕೊಯ್ದು ನೋಡಬೇಕಿದ್ದುದನ್ನು ಬದುಕಿದ್ದಾಗಲೇ ನೋಡಲು ದಾರಿ ಮಾಡಿದ್ದು ಎಕ್ಸ್-ರೇ. 1895ರಲ್ಲಿ ರಾಂಟ್ಜನ್ ಅದನ್ನು ಕಂಡುಹಿಡಿದರು. 1971ರಲ್ಲಿ ಇಂಗ್ಲೆಂಡಿನ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಮೊದಲ ರೋಗಿಯ ಚಿತ್ರ ತೆಗೆಯಿತು. 1990ರಲ್ಲಿ ಅಮೆರಿಕದ ಆರ್ಥರ್ ಆಗಟ್‌ಸ್ಟನ್ ಮತ್ತು ಅವರ ಸಂಗಡಿಗರು, ಹೃದಯದ ನಾಳಗಳಲ್ಲಿ ಸುಣ್ಣ ಎಷ್ಟು ಅಗಲ ಇದೆ, ಎಷ್ಟು ಗಟ್ಟಿ ಇದೆ ಎಂದು ಲೆಕ್ಕ ಹಾಕಿ ಒಂದು ನಂಬರು ಕೊಡುವ ವಿಧಾನ ತಂದರು. ರಿಪೋರ್ಟಿನಲ್ಲಿ ಬರುವ 'ಕ್ಯಾಲ್ಸಿಯಂ ಸ್ಕೋರ್' ಇದೇ. ಸೊನ್ನೆ ಅಂದರೆ ಸುಣ್ಣ ಕಂಡಿಲ್ಲ. 100 ದಾಟಿದರೆ ಎಚ್ಚರ. 400 ದಾಟಿದರೆ ಬಹಳ ಹೆಚ್ಚು.

ಆ ನಂಬರಿಗೆ ಅರ್ಥ ಇದೆಯೇ ಎಂದು ಅಮೆರಿಕದಲ್ಲಿ 6,700ಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. 2008ರಲ್ಲಿ ಫಲಿತಾಂಶ ಬಂತು. ಸ್ಕೋರ್ ಸೊನ್ನೆ ಇದ್ದವರಿಗೆ ಹೋಲಿಸಿದರೆ 101ರಿಂದ 300 ಇದ್ದವರಿಗೆ ಹೃದಯದ ಅಪಾಯ ಏಳು ಪಟ್ಟಿಗಿಂತ ಹೆಚ್ಚು, 300 ದಾಟಿದವರಿಗೆ ಒಂಬತ್ತು ಪಟ್ಟಿಗಿಂತ ಹೆಚ್ಚು.

ಆ ಅಧ್ಯಯನದಲ್ಲಿ ಬಿಳಿಯರು, ಕರಿಯರು, ಸ್ಪಾನಿಷ್ ಮೂಲದವರು, ಚೀನಾ ಮೂಲದವರು ಇದ್ದರು. ನಮ್ಮ ಕಡೆಯವರು ಇರಲಿಲ್ಲ. ಆ ಕೊರತೆ ತುಂಬಲು 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಶಿಕಾಗೋ ಸುತ್ತಮುತ್ತ ನೆಲೆಸಿದ ಭಾರತ ಮತ್ತು ನೆರೆದೇಶಗಳ ಮೂಲದ 906 ಜನರನ್ನು ಸೇರಿಸಿ 'ಮಸಾಲ' ಎಂಬ ಅಧ್ಯಯನ ಶುರುವಾಯಿತು. ಹೆಸರು ಕೇಳಿ ನಗು ಬರಬಹುದು, ಕೆಲಸ ಮಾತ್ರ ಗಂಭೀರ.

ಮಿಷನ್ ಆಸ್ಪತ್ರೆಯ ಹಳೇ ರಿಜಿಸ್ಟರು

ಈಗ ಮೈಸೂರಿಗೆ ಬರೋಣ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ನಮ್ಮ ಹಿರಿಯರು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. 1906ರಲ್ಲಿ ಶುರುವಾದದ್ದು. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಅಳತೆ ಬರೆದವರಿಗೆ ಈ ಪುಸ್ತಕ ಅರವತ್ತು ವರ್ಷದ ನಂತರ ಯಾವ ಕೆಲಸಕ್ಕೆ ಬರುತ್ತದೆ ಎಂಬ ಕಲ್ಪನೆಯೂ ಇದ್ದಿರಲಾರದು.

1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮೊದಲಾದ ಸಂಶೋಧಕರು ಮೈಸೂರಿನ ವೈದ್ಯರ ಜೊತೆ ಸೇರಿ ಆ ರಿಜಿಸ್ಟರುಗಳನ್ನು ತೆರೆದರು. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ, ಇನ್ನೂ ಆಸ್ಪತ್ರೆಯ ಆಸುಪಾಸಿನಲ್ಲೇ ಇದ್ದ 517 ಗಂಡಸರು, ಹೆಂಗಸರನ್ನು ಹುಡುಕಿ ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ 'ಲ್ಯಾನ್ಸೆಟ್'ನಲ್ಲಿ ಫಲಿತಾಂಶ ಪ್ರಕಟವಾಯಿತು.

ಹುಟ್ಟಿದಾಗ ಎರಡೂವರೆ ಕೆ.ಜಿ. ಅಥವಾ ಕಡಿಮೆ ಇದ್ದವರಲ್ಲಿ ಹೃದಯ ಕಾಯಿಲೆ ನೂರಕ್ಕೆ 11. ಮೂರು ಕೆ.ಜಿ.ಗಿಂತ ಚೆನ್ನಾಗಿಯೇ ಮೇಲಿದ್ದವರಲ್ಲಿ ನೂರಕ್ಕೆ 3. ಮಗುವೂ ಸಣ್ಣದು, ಬಸುರಿಯಲ್ಲಿ ತಾಯಿಯೂ 45 ಕೆ.ಜಿ.ಗಿಂತ ಕಡಿಮೆ ಎನ್ನುವ ಕಡೆ ನೂರಕ್ಕೆ 20.

ಈ ಅಧ್ಯಯನ ಸುಣ್ಣ ಅಳೆಯಲಿಲ್ಲ, ಹೃದಯ ಕಾಯಿಲೆಯನ್ನು ನೋಡಿತು. ಮೈಸೂರು ಪಟ್ಟಣದವರನ್ನು ನೋಡಿತು, ಹಳ್ಳಿಯವರನ್ನಲ್ಲ. ಆದರೂ ಅದು ಹೇಳಿದ ಮಾತು ಹಳ್ಳಿಗೂ ತಟ್ಟುತ್ತದೆ. ಐವತ್ತನೇ ವಯಸ್ಸಿಗೆ ಎದೆ ಹಿಡಿದುಕೊಳ್ಳುವ ಗಂಡಸಿನ ಕಾಯಿಲೆಯ ಒಂದು ಬೇರು ಅವನ ಅವ್ವ ಬಸುರಿಯಲ್ಲಿ ಎಷ್ಟು ಉಂಡಳು ಎಂಬುದರಲ್ಲಿ ಇರಬಹುದು.

ಆ ಮಕ್ಕಳು ಹುಟ್ಟಿದ ಕಾಲವನ್ನೇ ನೋಡಿ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ 1930ರ ದಶಕದ ಆರಂಭದಲ್ಲಿ ಮುಗಿದು, ಇರ್ವಿನ್ ನಾಲೆಯ ನೀರು ಮಂಡ್ಯ ಸೀಮೆಗೆ ಬಂತು. ಮೈಸೂರು ಸಕ್ಕರೆ ಕಾರ್ಖಾನೆ ಶುರುವಾಯಿತು. 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ಬರಗಾಲದ ಮೈ ಹೊತ್ತು ಹುಟ್ಟಿದ ಜನ ಭತ್ತ, ಕಬ್ಬು, ಬೆಲ್ಲದ ಕಾಲಕ್ಕೆ ಬಂದರು. ಅವರ ಮಕ್ಕಳ ಕಾಲಕ್ಕೆ ಟ್ರ್ಯಾಕ್ಟರ್, ಟಿಲ್ಲರ್, ಬೈಕು ಬಂದವು. ಸಣ್ಣದಾಗಿ ಹುಟ್ಟಿದ ಮೈಗೆ ಆಮೇಲೆ ಹೊಟ್ಟೆ ಬೆಳೆದರೆ ಸಕ್ಕರೆ ಕಾಯಿಲೆ, ಹೃದಯ ಕಾಯಿಲೆ ಬೇಗ ಹಿಡಿಯುತ್ತವೆ ಎಂಬುದನ್ನು ಇಂಥ ಅಧ್ಯಯನಗಳು ತೋರಿಸಿವೆ.

ಬೆಂಗಳೂರು ಹೇಳಿದ ಎರಡು ಸತ್ಯ

ಅದೇ 1996ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಪ್ರೇಮ್ ಪೈಸ್ ಮತ್ತು ಸಂಗಡಿಗರು, ಮೊದಲ ಸಲ ಹೃದಯಾಘಾತವಾದ 200 ಜನರನ್ನು, ಆಗದ 200 ಜನರ ಜೊತೆ ಹೋಲಿಸಿ ನೋಡಿದರು. ಸಿಗರೇಟು, ಬೀಡಿ, ಬಿ.ಪಿ., ಸಕ್ಕರೆ, ಹೊಟ್ಟೆಯ ಬೊಜ್ಜು ಎದ್ದು ಕಂಡವು. ಬೀಡಿ ಸಿಗರೇಟಿಗಿಂತ ಹಗುರ ಎಂಬ ನಂಬಿಕೆಗೆ ಅಲ್ಲಿ ಆಧಾರ ಸಿಗಲಿಲ್ಲ. ನಂತರ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೆ, ಉಳಿದವರಿಗೆ 59ರ ಹತ್ತಿರ ಎಂದು ಕಂಡಿತು. ಸುಮಾರು ಆರು ವರ್ಷ ಮುಂಚೆ.

ಎರಡನೇ ಸತ್ಯ 2008ರದ್ದು. ಸೇಂಟ್ ಜಾನ್ಸ್ ನೇತೃತ್ವದಲ್ಲಿ ದೇಶದ 89 ಆಸ್ಪತ್ರೆಗಳಿಗೆ ಹೃದಯಾಘಾತ ಮತ್ತು ಅದರಂಥ ತುರ್ತು ಸ್ಥಿತಿಯಲ್ಲಿ ಬಂದ 20,000ಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದಾಗ, ನೋವು ಶುರುವಾಗಿ ಆಸ್ಪತ್ರೆ ಮುಟ್ಟಲು ಹಿಡಿದ ಸಮಯ 360 ನಿಮಿಷ. ಆರು ಗಂಟೆ! ಹೆಪ್ಪು ಕರಗಿಸುವ ಔಷಧ ಚೆನ್ನಾಗಿ ಕೆಲಸ ಮಾಡುವುದು ಮೊದಲ ಒಂದೆರಡು ಗಂಟೆಯಲ್ಲಿ. ಉಳಿದ ಹೊತ್ತು ಎಲ್ಲಿ ಹೋಗುತ್ತದೆ ಎಂದು ನಮಗೆಲ್ಲ ಗೊತ್ತು. 'ಗ್ಯಾಸ್ಟ್ರಿಕ್ ಕಣೋ, ಸೋಡಾ ಕುಡಿ', 'ಬೆಳಿಗ್ಗೆ ನೋಡ್ಕಂಡ್ರಾಯ್ತು', 'ಕಾರು ಯಾರದ್ದಾದ್ರೂ ಸಿಗ್ತದಾ?'

ಹಾಸನದ ಭಯ, ಸ್ಕ್ಯಾನಿನ ಸಾಲು

1972ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸಣ್ಣದಾಗಿ ಶುರುವಾದ ಜಯದೇವ ಹೃದ್ರೋಗ ಸಂಸ್ಥೆ ಈಗ ದೇಶದ ದೊಡ್ಡ ಸರ್ಕಾರಿ ಹೃದಯ ಆಸ್ಪತ್ರೆಗಳಲ್ಲಿ ಒಂದು. ಮೈಸೂರಿನಲ್ಲೂ ಅದರ ಆಸ್ಪತ್ರೆ ಇದೆ. 40 ವರ್ಷದೊಳಗಿನ ಹೃದ್ರೋಗಿಗಳ ಲೆಕ್ಕವನ್ನು 2017ರಿಂದ ಜಯದೇವ ಪ್ರತ್ಯೇಕವಾಗಿ ಇಡುತ್ತಿದೆ. ಅವರಲ್ಲಿ ದೊಡ್ಡ ಕಾರಣವಾಗಿ ಕಂಡದ್ದು ತಂಬಾಕು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೃದಯಾಘಾತದಿಂದ ಹೋದಾಗ ರಾಜ್ಯದ ಆಸ್ಪತ್ರೆಗಳಲ್ಲಿ ತಪಾಸಣೆಗೆ ಜನ ಮುಗಿಬಿದ್ದರು. 2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರೆಂಬ ಸುದ್ದಿ ಬಂದಾಗ ಮೈಸೂರು ಜಯದೇವದ ಮುಂದೆ ಬೆಳಗಿನಿಂದಲೇ ಸಾಲು. ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಹಿಂದಿಗಿಂತ ಅಸಹಜ ಏರಿಕೆ ಇಲ್ಲ, ಬಿ.ಪಿ., ಸಕ್ಕರೆ, ತಂಬಾಕು, ಬೊಜ್ಜಿನಂಥ ಹಳೇ ಕಾರಣಗಳೇ ಇವೆ ಎಂದಿತು.

ಇಂಥ ಭಯದ ಹೊತ್ತಿನಲ್ಲೇ ಕ್ಯಾಲ್ಸಿಯಂ ಸ್ಕ್ಯಾನಿಗೆ ದುಡ್ಡು ಕೊಡುವ ಯೋಚನೆ ಬರುತ್ತದೆ. ಸ್ಕ್ಯಾನ್ ಕೆಟ್ಟದ್ದಲ್ಲ. ನಲವತ್ತು ದಾಟಿ, ನೋವಿಲ್ಲದೆ, ಮಾತ್ರೆ ಶುರು ಮಾಡಬೇಕೋ ಬೇಡವೋ ಎಂದು ಡಾಕ್ಟರಿಗೇ ಅನುಮಾನ ಇದ್ದಾಗ ಅದು ಸಹಾಯ ಮಾಡುತ್ತದೆ. ಆದರೆ ಎದೆನೋವು ಬಂದವರು ಮಾಡಿಸಬೇಕಾದ್ದು ಅದಲ್ಲ, ಇ.ಸಿ.ಜಿ. ಮೂವತ್ತೈದರ ಬೀಡಿ ಸೇದುವ ಹುಡುಗನ ಸ್ಕೋರ್ ಸೊನ್ನೆ ಬಂದರೂ ಅವನ ನಾಳದಲ್ಲಿ ಮೆತ್ತಗಿನ ಗಂಟು ಇರಬಹುದು. ಸುಣ್ಣ ಕಟ್ಟಲು ವರ್ಷಗಳು ಬೇಕು, ಗಂಟು ಒಡೆಯಲು ಅಷ್ಟು ಹೊತ್ತು ಬೇಡ. ಸಕ್ಕರೆ ಕಾಯಿಲೆ ಇರುವವರು ಸೊನ್ನೆ ನೋಡಿ ಮಾತ್ರೆ ಬಿಡಬಾರದು. ನಂಬರು ಹೆಚ್ಚು ಬಂದವರು ಹೆದರಿ ಹಾಸಿಗೆ ಹಿಡಿಯಬೇಕಿಲ್ಲ. ಸುಣ್ಣ ಕರಗಿಸುತ್ತೇವೆ ಎನ್ನುವ ಕಷಾಯಕ್ಕೆ ದುಡ್ಡು ಸುರಿಯಬೇಕಿಲ್ಲ. ಬೀಡಿ ಬಿಟ್ಟು, ಬಿ.ಪಿ., ಸಕ್ಕರೆ, ಕೊಲೆಸ್ಟ್ರಾಲ್ ಹತೋಟಿಯಲ್ಲಿಟ್ಟರೆ ಅಪಾಯ ನಿಜವಾಗಿಯೂ ಇಳಿಯುತ್ತದೆ.

ಹನಕೆರೆಯಿಂದ ಎಷ್ಟು ದೂರ

ಪುನೀತ್ ಹೆಸರಿನಲ್ಲಿ 2023ರಲ್ಲಿ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆಯ ಲೆಕ್ಕ ಸರಳ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು ಜಯದೇವದಂಥ ದೊಡ್ಡ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿಂದ ಹೃದಯಾಘಾತ ಎಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಇಲ್ಲೇ ಉಚಿತವಾಗಿ ಕೊಟ್ಟು ಮುಂದೆ ಕಳಿಸುತ್ತಾರೆ.

ಹನಕೆರೆ ಇರುವುದು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೇ, ಮದ್ದೂರಿಗೂ ಮಂಡ್ಯಕ್ಕೂ ನಡುವೆ. ಎರಡೂ ಕಡೆ ಸರ್ಕಾರಿ ಆಸ್ಪತ್ರೆ ಹತ್ತು ಕಿಲೋಮೀಟರ್ ಆಸುಪಾಸು. ಹಂಟರ್ ಅವರ ಕಾಲದಲ್ಲಿ ಲಂಡನ್ನಿನ ದೊಡ್ಡ ಆಸ್ಪತ್ರೆಯ ಒಳಗೇ ಕುಸಿದರೂ ಉಳಿಸುವ ಔಷಧ ಇರಲಿಲ್ಲ. ಈಗ ಔಷಧ ಇದೆ, ರಸ್ತೆ ಇದೆ. ಕಳೆಯುವುದು ಮನೆಯಲ್ಲಿ ಯೋಚಿಸುತ್ತ ಕೂರುವ ಗಂಟೆ.

ಎದೆ ನಡುವೆ ಒತ್ತಿದಂತಾಗಿ, ಎಡತೋಳು, ದವಡೆ ಅಥವಾ ಬೆನ್ನಿಗೆ ನೋವು ಹರಿದರೆ, ಬೆವರು ಕಿತ್ತುಕೊಂಡರೆ, ಹತ್ತು ನಿಮಿಷಕ್ಕೂ ಕಡಿಮೆಯಾಗದಿದ್ದರೆ 108ಕ್ಕೆ ಫೋನ್ ಮಾಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ನೋವಿಗಿಂತ ಸುಸ್ತು, ಉಸಿರುಕಟ್ಟುವುದು, ವಾಕರಿಕೆ ಹೆಚ್ಚಾಗಿ ಕಾಣಬಹುದು. ನೀವೇ ಬೈಕ್ ಓಡಿಸಿಕೊಂಡು ಹೋಗಬೇಡಿ. ಗ್ಯಾಸ್ಟ್ರಿಕ್ ಹೌದೋ ಅಲ್ಲವೋ ಎಂದು ಇ.ಸಿ.ಜಿ. ನೋಡಿದ ಡಾಕ್ಟರೇ ಹೇಳಲಿ.

ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ನೋಡಿಸಿ. ಅದಕ್ಕೆ ಸ್ಕ್ಯಾನಿನಷ್ಟು ದುಡ್ಡು ಬೇಡ. ಮನೆಯಲ್ಲಿ ಬಸುರಿ ಇದ್ದರೆ ಅವಳ ತಟ್ಟೆಗೆ ಮೊದಲು ಬಡಿಸಿ. ಮಿಷನ್ ಆಸ್ಪತ್ರೆಯ ರಿಜಿಸ್ಟರು ಹೇಳಿದ್ದು ಅದನ್ನೇ. ಓದಲು ಬಾರದ ಹಿರಿಯರು ಮನೆಯಲ್ಲಿದ್ದರೆ ಇದನ್ನು ಅವರಿಗೆ ಓದಿ ಹೇಳಿ.